ಸೀಟಿನ ಎತ್ತರ

ಮೊನ್ನೆ ಕಣ್ಣು ತೋರಿಸ್ಕೊಂಡು ವಿಜಯಪುರದಿಂದ ಬಸ್ಸಿನ್ಯಾಗ ತಿಕೋಟಾಕ್ಕ ಬರಾಕತ್ತಿದ್ದೆ. ಡಾಕ್ಟರು ಕಣ್ಣಾಗ ಔಷಧದ ಹನಿ ಹಾಕಿದ್ರು, ಎಲ್ಲಾ ಮಬ್ಬು ಮಬ್ಬು ಕಾಣತಿತ್ತು. ಕಿಡಕಿ ಹೊರಗ ರಸ್ತಾದ ಅಂಚಿಗಿ ಒಂದು ಸಾಲು ಸೈಕಲ್ ಹೊಂಟಿದ್ದುವು. ತಲಿ ಮ್ಯಾಲೆ ಟೊಪ್ಪಿಗಿ, ಮೈಗಿ ಅಂಟಿದ ಅರಿವಿ. ಹುಡುಗರೋ ಹುಡಿಗ್ಯಾರೋ ಗುರುತು ಹತ್ತಲಿಲ್ಲ. ಮಾರಿ ಕಾಣಲಿಲ್ಲ ಖರೆ, ಸೊಂಟ ಕಂಡುವು. ಒಂದು ಸೊಂಟಾನೂ ಅಲುಗಾಡವಲ್ದು. ಬೆನ್ನ ಮ್ಯಾಲೆ ತುಂಬಿದ ತಂಬಿಗಿ ಇಟ್ಟರೂ ಹನಿ ಚೆಲ್ಲಂಗಿಲ್ಲ, ಅಷ್ಟು ಸಪಾಟ. ಕೆಳಗ ಕಾಲು ಮಾತ್ರ ತಿರಗಾಕತ್ತಿದ್ದುವು.

ಬಾಜೂಕ ಕುಂತಿದ್ದ ಹೆಣಮಗಳು, "ಎಷ್ಟು ಚಂದ ಹೊಂಟಾವ ನೋಡ್ರಿ ಕೂಸುಗಳು" ಅಂದ್ಳು.

"ಚಂದ ಏನ್ ಬಂತು, ಹಂಗ ಹೋಗಾಕ ಕಲಿಬೇಕಂದ್ರ ಮನಿ ಹಾಳಾಗ್ತದ" ಅಂದೆ.

ಅಕಿ ತನ್ನ ಚೀಲ ತಗೊಂಡು ಸ್ವಲ್ಪ ಆ ಕಡೆ ಸರದು ಕುಂತ್ಳು. ನನ್ನ ಬಾಯಿ ಮೊದಲಿನಿಂದಾನೂ ಹಂಗ. ನೀವೂ ಸರದು ಕುಂಡ್ರೂದಿದ್ರ ಈಗ ಕುಂಡ್ರಿ. ಇಲ್ಲಂದ್ರ ಕೇಳ್ರಿ.

ಸೈಕಲ್ ತುಳಿಯೂದ್ರಾಗ ಕಲಿಯೂದೇನೈತಿ ಅಂತ ನಿಮಗ ಅನಸಬಹುದು. ಕಲಿಯೂದು ಹಗುರ ಬಿಡ್ರಿ, ಎರಡು ಸಲ ಮೊಣಕಾಲು ಕೆತ್ತಿಸ್ಕೊಂಡ್ರ ಬರ್ತದ. ಬಂದದ್ದನ್ನ ಮೈಯಾಗಿಂದ ಕಿತ್ತು ತಗದು, ಅದ ಕೆಲಸಾನ ಬ್ಯಾರೆ ಥರಾ ಕಲಿಯೂದು ಐತೆಲ್ಲ, ಅದಕ್ಕ ಎಷ್ಟು ದಿನ ಬೇಕು ಅಂತ ನಾ ಒಬ್ಬ ಮನಷ್ಯಾನ್ನ ಎರಡು ಸಲ ಕೇಳೇನಿ. ಎರಡೂ ಸಲ ಬ್ಯಾರೆ ಬ್ಯಾರೆ ಜವಾಬು ಕೊಟ್ಟ.

ನಮ್ಮದು ತಿಕೋಟಾದಾಗ ಸೈಕಲ್ ರಿಪೇರಿ ಅಂಗಡಿ. ಮುಂದ ಅಂಗಡಿ, ಹಿಂದ ಮನಿ. ನಮ್ಮ ಮನ್ಯಾರು ಹಾಕಿದ್ದು. ನಾ ಲಗ್ನ ಆಗಿ ಬಂದಾಗ ಅವರ ಹತ್ರ ಒಂದು ಪಂಪ್, ಒಂದು ನೀರಿನ ಬೋಗಾಣಿ, ನಾಕು ಪಾನಾ ಇದ್ದುವು. ಪಾನಾ ಅಂದ್ರ ನಟ್ಟು ಬಿಚ್ಚೂ ಸಾಮಾನು. ನನ್ನ ತವರಮನಿ ಬಬಲೇಶ್ವರ. ಹೊಸದಾಗಿ ಲಗ್ನ ಆದಾಗ ಅಲ್ಲಿಂದ ನನ್ನ ಸೈಕಲ್ ಹಿಂದ ಕ್ಯಾರಿಯರ್ ಮ್ಯಾಲೆ ಕುಂಡರಿಸ್ಕೊಂಡು ಹೊಂಟ್ರು. ಇಳಕಲಿನ್ಯಾಗ ಗಾಲಿ ಕಲ್ಲಿಗಿ ಬಡದು ನಾ ಕೆಳಗ ಬಿದ್ದೆ. ಅವರಿಗಿ ಗೊತ್ತ ಆಗಲಿಲ್ಲ. ಅಷ್ಟು ದೂರ ಹೋದ ಮ್ಯಾಲೆ ಎದುರಿಗಿ ಬಂದಾವೊಬ್ಬ, "ಬೀಗರ ಮನ್ಯಾಗ ಹೆಂಡ್ತೀನ ಕೊಡಲಿಲ್ಲೇನೋ, ಬರೇ ಗಂಟು ಹೇರ್ಕೊಂಡು ಹೊಂಟೀದಿ?" ಅಂದಾನ. ಆವಾಗ ತಿರುಗಿ ನೋಡ್ಯಾರ.

"ಬಿದ್ದಾಗ ಒದರಬೇಕಿಲ್ಲೇನ?" ಅಂತ ನನಗ ಬೈದ್ರು.

"ಹೊಸಾ ಮದಲಗಿತ್ತಿ, ನಡು ರಸ್ತಾದಾಗ ಹೆಂಗ ಒದರಲಿ?" ಅಂದೆ.

ಅದ ಕಡೀ ಸಲ. ಆಮ್ಯಾಲೆ ನಾ ಸೈಕಲ್ ಹತ್ತಲಿಲ್ಲ. ಸೈಕಲ್ ಅಂಗಡಿಯಾವನ ಹೆಂಡತಿ ಜಲಮ ಪೂರ್ತಿ ನಡದ ಅಡ್ಡಾಡ್ಯಾಳ.

ಅವರು ಬಾಳ ಮಾತಿನವರಲ್ಲ, ಕೈ ಚಲೋ ಇತ್ತು. ಒಂದು ಸಲ ಒಬ್ಬ ಸಾಲಿ ಹುಡುಗ ನಮ್ಮ ಅಂಗಡ್ಯಾಗ ಸೀಟು ಏರಿಸ್ಕೊಂಡು ಹೋದ. ದೊಡ್ಡವರಂಗ ಕಾಣಬೇಕಂತ ಆಸೆ ಅದಕ್ಕ. ಇವರೂ ನಕ್ಕೋತ ಏರಿಸಿ ಕೊಟ್ಟಿದ್ರು. ಬಬಲೇಶ್ವರ ರಸ್ತಾಕ್ಕ ಕಬ್ಬಿನ ಟ್ರಾಕ್ಟರ್ ಬಂದಾಗ ಹುಡುಗ ಬ್ರೇಕ್ ಹಿಡದಾನ, ಸೈಕಲ್ ನಿಂತೈತಿ, ಕಾಲು ನೆಲಕ್ಕ ಹತ್ತಿಲ್ಲ. ಆ ಕಡೆ ವಾಲಿ ಟ್ರೇಲರಿನ ಗಾಲಿಗಿ ಸಿಕ್ಕು ಹೋಗಿಬಿಟ್ಟ. ಇವರು ಬಾಳ ದಿನ ಅಂಗಡಿ ತಗೀಲಿಲ್ಲ. ತಗದ ಮ್ಯಾಲೆ ಒಂದು ನಿಯಮ ಮಾಡಿದ್ರು. ಯಾರದ ಸೈಕಲ್ ಬರಲಿ, ಪಂಚರಿಗಿ ಬರಲಿ, ಗಾಳಿ ಹಾಕ್ಸಾಕ ಬರಲಿ, ಮೊದಲು ಅವರನ್ನ ಸೀಟಿನ ಮ್ಯಾಲೆ ಕುಂಡರಸೂದು. ಎರಡೂ ಹಿಮ್ಮಡ ನೆಲಕ್ಕ ಕೂಡಬೇಕು. ಕೂಡಲಿಲ್ಲಂದ್ರ ಪಾನಾ ತಗೊಂಡು ಸೀಟು ಇಳಿಸಿ ಬಿಡೂದು. ಅದಕ್ಕ ರೊಕ್ಕ ಇಲ್ಲ, ಕೇಳೂದೂ ಇಲ್ಲ. ಕೆಲವರು ಸಿಟ್ಟಾಗ್ತಿದ್ರು. "ಏ, ನಾ ಏನ್ ಕೂಸೇನ?" ಅಂತಿದ್ರು. ಇವರು ತಲಿ ಎತ್ತತಿರಲಿಲ್ಲ. ಊರಾಗಿನ ಅವ್ವಗೋಳು ಮಾತ್ರ ತಮ್ಮ ಹುಡುಗರನ್ನ ನಮ್ಮಲ್ಲೇ ಕಳಸ್ತಿದ್ರು.

ಅವರು ಹೋದ ಮ್ಯಾಲೆ ಮಗ ಮಲ್ಲು ಅಂಗಡಿ ಹಿಡದ. ಅಪ್ಪನ ಪಾನಾ, ಅಪ್ಪನ ಬೋಗಾಣಿ, ಅಪ್ಪನ ನಿಯಮ. ಅಂವ ಅಪ್ಪನಕಿಂತ ಮಾತು ಕಡಿಮಿ. ಸೊಸಿ ಒಂದೊಂದು ಸಲ, "ಅತ್ತಿ, ನಿಮ್ಮ ಮಗಂಗ ಮಾತಾಡಂದ್ರ ಸಾಕು, ಚೈನಿಗಿ ಎಣ್ಣಿ ಬಿಡಾಕ ಹೋಗ್ತಾರ ನೋಡ್ರಿ" ಅಂತಾಳ. ಸುಳ್ಳೇನಲ್ಲ.

ಮಲ್ಲೂಗ ಒಬ್ಬಾಕಿ ಮಗಳು, ಭೌರವ್ವ. ನಾವು ಭೌರಿ ಅಂತೀವಿ. ರಿಪೇರಿಗಿ ಬಂದು ಬಿದ್ದ ದೊಡ್ಡವರ ಸೈಕಲ್ ಮ್ಯಾಲೆ ಕಲತಾಕಿ. ಸೀಟಿನ ತನ ಮುಟ್ಟವಲ್ದು, ಅದಕ್ಕ ನಡುವಿನ ಪೈಪಿನ ಕೆಳಗಿಂದ ಒಂದು ಕಾಲು ಆ ಕಡೆ ತೂರಿಸಿ, ಮೈಯೆಲ್ಲಾ ಈ ಕಡೆ ಜೋತು ಬಿಟ್ಟು ತುಳೀತಿದ್ಳು. ಹಳ್ಳ್ಯಾಗ ಎಲ್ಲಾ ಹುಡುಗರು ಹಂಗ ಕಲೀತಾವ. ಬೆಳದು ಸೀಟು ಮುಟ್ಟಿದ ಮ್ಯಾಲೂ ಅಕಿ ಸೊಂಟ ಆ ಕಡೆ ಈ ಕಡೆ ತೂಗೂದು ಬಿಡಲಿಲ್ಲ. ಮೊಣಕಾಲು ಕಪ್ಪಿ ಕಾಲಿನಂಗ ಹೊರಗ. ನೋಡಾಕ ಚಂದ ಇರಲಿಲ್ಲ, ಜೋರು ಮಾತ್ರ ಭಾರಿ ಇತ್ತು. ಸಾಲಿ ಹುಡಿಗ್ಯಾರ ಸೈಕಲ್ ಪಂದ್ಯ ಇಟ್ಟಾಗ ಹಿಂದಿನಾಕಿ ಕಣ್ಣಿಗಿ ಕಾಣದಂಗ ಮುಂದ ಬಂದ್ಳು.

ಅಲ್ಲಿ ಅಕಿನ್ನ ಒಬ್ಬ ಕೋಚ್ ಸರ್ ನೋಡಿದ್ರು. ವಿಜಯಪುರದಾಗ ಸೈಕಲ್ ಓಡಸೂ ಹುಡಿಗ್ಯಾರಿಗಿ ಒಂದು ಹಾಸ್ಟೆಲ್ ಇತ್ತು, ಅಲ್ಲಿ ತಾಲೀಮು ಕೊಡಾವ್ರು. ತೆಳ್ಳಗಿನ ಮನಷ್ಯಾ. ತಾವೂ ಒಂದು ಕಾಲಕ್ಕ ಸೈಕಲ್ ಓಡಿಸಿ ಬಿದ್ದು ಭುಜದ ಎಲುಬು ಮುರಕೊಂಡವ್ರು. ನಮ್ಮ ಮನಿಗಿ ಬಂದು ಚಾ ಕುಡದ್ರು. "ನಿಮ್ಮ ಹುಡಿಗಿ ಕಾಲಾಗ ಜೋರೈತ್ರಿ. ಆದ್ರ ಅರ್ಧಾ ಜೋರು ಸೊಂಟದಾಗ ಚೆಲ್ಲಿ ಹೋಗಾಕತ್ತೈತಿ. ಅದನ್ನ ತಿದ್ದಿದ್ರ ಎಲ್ಲಿಗೋ ಹೋಗ್ತಾಳ. ಊಟಾ, ವಸತಿ, ಸಾಲಿ ಎಲ್ಲಾ ಅಲ್ಲೇ. ವರ್ಷದ ಕಡೀಕ ಒಂದು ಪರೀಕ್ಷಾ ಇಡ್ತೀವಿ. ಅದ್ರಾಗ ಪಾಸಾದ್ರ ಮುಂದಿನ ವರ್ಷಾನೂ ಜಾಗಾ ಇರ್ತದ. ಇಲ್ಲಂದ್ರ ಇಲ್ಲ" ಅಂದ್ರು.

"ತಿದ್ದಾಕ ಎಷ್ಟು ದಿನ ಬೇಕ್ರೀ?" ಅಂತ ನಾ ಕೇಳಿದೆ. ಅದ ಮೊದಲನೇ ಸಲ.

"ಈ ಮಳಿಗಾಲದಿಂದ ಬರೂ ಮಳಿಗಾಲದ ತನ. ಮೊದಲು ಇನ್ನೂ ಕೆಡ್ತದ. ಈಗ ಹೋಗೂದಕಿಂತ ಸಾವಕಾಶ ಹೋಗ್ತಾಳ. ಅಂಜಬ್ಯಾಡ್ರಿ."

"ಅಷ್ಟ್ರಾಗ ಹುಟ್ಟಿದ ಕೂಸು ನಡ್ಯಾಕ ಕಲೀತೈತಲ್ರೀ."

"ಕೂಸಿಗಿ ಮರಿಯೂದು ಏನೂ ಇರೂದಿಲ್ರಿ ಆಯಿ" ಅಂದ್ರು.

ಭೌರಿ ಅಡಗಿಮನಿ ಬಾಗಿಲಾಗ ನಿಂತು ಕೇಳಾಕತ್ತಿದ್ಳು. ಅಕಿ ಮಾರಿ ಮ್ಯಾಲೆ ಆವತ್ತು ಇದ್ದ ಬೆಳಕು ನಾ ಮತ್ತ ನೋಡಲಿಲ್ಲ. ಅಂಗಡಿ ಹಿಂದಿನ ಸಣ್ಣ ಮನ್ಯಾಗ ಹುಟ್ಟಿದ ಹುಡಿಗಿಗಿ, ನೀ ಹಿಂಗ ತುಳದ್ರ ಎಲ್ಲಿಗೋ ಹೋಗ್ತಿ ಅಂತ ಒಬ್ಬರು ಹೇಳೂದು ಸಣ್ಣ ಮಾತಲ್ಲ. ಮಲ್ಲು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸರ್ ಮೋಟರ್ ಸೈಕಲ್ಲಿನ ಚೈನಿಗಿ ಎಣ್ಣಿ ಬಿಟ್ಟ. ಅದು ಹೂಂ ಅಂದಂಗ.

ಅಕಿನ್ನ ಬಿಡಾಕ ನಾನೂ ಹೋಗಿದ್ದೆ. ಗೋಳಗುಮ್ಮಟ ಹಾದು ಅಷ್ಟು ದೂರ ಹೋಗಬೇಕು. ತಾಲೀಮಿನ ಜಾಗಾದಾಗ ಸೈಕಲ್ಲನ್ನ ಕಬ್ಬಿಣದ ಸ್ಟ್ಯಾಂಡಿಗಿ ಕಚ್ಚಿಸಿ ನಿಲ್ಲಿಸಿದ್ರು. ತುಳದ್ರ ಎಲ್ಲಿಗೂ ಹೋಗಂಗಿಲ್ಲ. ಸರ್ ಒಂದು ಕೆಂಪು ಲಾಡಿ ಕೊಟ್ಟು, ಇನ್ನೊಬ್ಬ ಹುಡಿಗಿ ಕೈಲೆ ಭೌರಿ ಸೊಂಟಕ್ಕ ಹಿಂದ ಕಟ್ಟಿಸಿದ್ರು. ಕರುವಿನ ಬಾಲದಂಗ ಜೋತು ಬಿದ್ದಿತ್ತು. "ಹೂಂ, ತುಳಿ" ಅಂದ್ರು. ತುಳದ್ಳು. ಲಾಡಿ ಆ ಕಡೆ ಈ ಕಡೆ ಬಡಕೋಳಾಕ ಹತ್ತಿತು. ಉಳದ ಹುಡಿಗ್ಯಾರು ಕಿಸಕ್ ಅಂದ್ವು. ನನಗೂ ನಗಿ ಬಂತು, ನೊಣ ಹೊಡಿಯೂ ಎಮ್ಮಿ ಹಂಗ ಕಾಣತಿತ್ತು.

"ಈ ಲಾಡಿ ಅಲುಗಾಡಬಾರದು. ಅಷ್ಟ ನಿನ್ನ ಕೆಲಸ" ಅಂದ್ರು ಸರ್. "ಕೆಸರು ತುಳದಂಗ ತುಳಿಬ್ಯಾಡ. ಬೀಸುಕಲ್ಲು ತಿರಿವಿದಂಗ ತಿರುವು. ಕೆಳಗ ಹೋಗುವಾಗ ಅಷ್ಟ ಅಲ್ಲ, ಮ್ಯಾಲೆ ಬರುವಾಗೂ ಕಾಲಿಗಿ ಕೆಲಸ ಐತಿ."

"ನೀವು ಯಾವಾಗ ಬೀಸಿದ್ರಿ ಸರ್?" ಅಂತ ನಾ ಕೇಳಿಬಿಟ್ಟೆ.

ಅವರು ನಕ್ಕರು. "ನಮ್ಮವ್ವ ಬೀಸೂದು ನೋಡೇನ್ರಿ" ಅಂದ್ರು. ಕೆಟ್ಟ ಮನಷ್ಯಾ ಅಲ್ಲ, ಮೊದಲ ಹೇಳಿ ಬಿಡ್ತೇನಿ. ಈ ಕಥಿಯೊಳಗ ಕೆಟ್ಟವರು ಯಾರೂ ಇಲ್ಲ. ಇದ್ದಿದ್ರ ನನಗ ಬಾಳ ಅನುಕೂಲ ಆಗ್ತಿತ್ತು, ಬೈದು ಹಗುರ ಆಗತಿದ್ದೆ.

ಆಮ್ಯಾಲೆ ಅವರು ಅಕಿ ಸೀಟು ಏರಿಸಿದ್ರು. ಅಬಾಬಾ, ಅದೇನ್ ಎತ್ತರ! ಪೆಡಲ್ ಕೆಳಗ ಹೋದಾಗ ಕಾಲು ಹೆಚ್ಚು ಕಡಿಮಿ ನೆಟ್ಟಗ ಆಗಬೇಕಂತ. ಸೀಟಿನ ಮ್ಯಾಲೆ ಕುಂತ್ರ ಕಾಲಿನ ಬಟ್ಟಿನ ತುದಿ ಸೈತ ನೆಲಕ್ಕ ಹತ್ತೂದಿಲ್ಲ. ನಿಂದ್ರೂದಿದ್ರ ಸೀಟು ಬಿಟ್ಟು ಮುಂದ ಇಳಿಬೇಕು. ಮಲ್ಲು ಆವತ್ತು ಬಂದಿರಲಿಲ್ಲ. ಅಂಗಡಿ ಇತ್ತು.

ಶುರು ಶುರುವಿಗಿ ಭೌರಿ ರವಿವಾರ ಬಸ್ಸಿಗಿ ಬರ್ತಿದ್ಳು. ಹೊಸ್ತಿಲ ಮ್ಯಾಲೆ ಕುಂತು ಉಣ್ಣುವಾಗ ಸೈತ ಒಂದು ಪಾದ ತಿರುವ್ಕೋತ ಇರ್ತಿದ್ಳು. ಎಡಕ್ಕ ಒಂದು ದಿನ, ಬಲಕ್ಕ ಒಂದು ದಿನ, ಒಂದ ಕಾಲಿಲೆ ತಿರವೂ ತಾಲೀಮು ಇತ್ತಂತ. "ಆಯಿ, ನನಗಿಂತ ಸಣ್ಣಾಕಿ ನನ್ನ ಹಿಂದ ಹಾಕಿ ಹೋದ್ಳು" ಅಂತಿದ್ಳು. ಅಳತಾಳ ಅಂದ್ಕೊಂಡ್ರ ಅಳತಿರಲಿಲ್ಲ. ತೊಡಿ ಒತ್ತಿಕೋತ ಹೇಳ್ತಿದ್ಳು. "ವಿಚಾರ ಮಾಡಿ ತುಳದ್ರ ಕಾಲಿಗಿ ಜೋರ ಬರವಲ್ದು. ಜೋರ ತುಳದ್ರ ಲಾಡಿ ಅಲುಗಾಡತೈತಿ."

ಆದ್ರ ಒಂದು ಹದಕ್ಕ ಬಂತು ನೋಡ್ರಿ. ದೀಪಾವಳಿ ಹೊತ್ತಿಗಿ ಸರ್ ಅಕಿಗಿ, "ಲಾಡಿ ನಿಂದ್ರಾಕತ್ತೈತಿ. ಇನ್ನ ರವಿವಾರ ಊರಿಗಿ ಸೈಕಲ್ ಮ್ಯಾಲೇ ಹೋಗಿ ಬಾ, ಅದೂ ತಾಲೀಮ" ಅಂದ್ರಂತ. ಅಕಿ ಹಾಸ್ಟೆಲ್ಲಿನ ತೆಳ್ಳನ ಗಾಲಿ ಸೈಕಲ್ ಮ್ಯಾಲೆ ಮನಿಗಿ ಬಂದ್ಳು. ಬೆವತು ಬಂದಿದ್ಳು, ನಗಾಕತ್ತಿದ್ಳು. ಅಂಗಡಿ ಮುಂದ ಬ್ರೇಕ್ ಹಿಡದು, ಸೀಟಿನಿಂದ ಮುಂದ ಜಿಗಿದು ನಿಂತ್ಳು. ನಾ, "ಏನಬೇ, ಒಂಟಿ ಮ್ಯಾಲಿಂದ ಇಳದಂಗ ಇಳೀತೀದಿ?" ಅಂದೆ.

ಮಲ್ಲು ನಗಲಿಲ್ಲ. ಅಂವ ಸೀಟು ನೋಡಿದ. ಮಗಳ ಕಾಲು ನೋಡಿದ. ಮತ್ತ ಸೀಟು ನೋಡಿದ.

ಅಕಿ ಒಳಗ ಕೈಕಾಲು ತೊಳಿಯಾಕ ಹೋದಾಗ ಅಂವ ಆ ಸೈಕಲ್ ನೆರಳಿಗಿ ತಗೊಂಡ. ಒಂದೊಂದು ತಂತಿ ಒರಸಿದ. ಬ್ರೇಕಿನ ರಬ್ಬರ್ ತಿಕ್ಕಿದ. ಗಿರಾಕಿ ಬಂದ್ರ, "ನಾಳೆ ಬಾ" ಅಂದ. ನಾ ಕಟ್ಟಿ ಮ್ಯಾಲೆ ಕುಂತು ಅವರಿಕಾಯಿ ಸುಲಕೋತ ನೋಡಾಕತ್ತಿದ್ದೆ. ಕಡೀಕ ಅಪ್ಪನ ಪಾನಾ ತಗೊಂಡು ಸೀಟು ಇಳಿಸಿದ. ಅಕಿನ್ನ ಕರದು ಕುಂಡರಿಸಿದ. ಬಗ್ಗಿ ಅಕಿ ಹಿಮ್ಮಡ ನೋಡಿದ. ಎರಡೂ ನೆಲಕ್ಕ ಕೂಡಿದ್ದುವು.

"ಈಗ ಹೆಂಗ?" ಅಂದ.

"ಚಲೋ ಆತಪ್ಪ" ಅಂದ್ಳು ಅಕಿ.

ಅಂವ ತನ್ನ ಮಗಳ ಕೂಡ ಆ ವಾರದಾಗ ಆಡಿದ ಮಾತು ಅಷ್ಟ. ನನಗ ಏನನಸ್ತು ಅಂದ್ರ, ಮಾತು ಬರದ ಮನಷ್ಯಾ ತನ್ನ ಕೈಲಾದದ್ದು ಮಾಡ್ಯಾನ, ಚಲೋ ಮಾಡ್ಯಾನ. ಸರ್ ಏರಿಸಿದ್ದು ನಾ ನೋಡಿದ್ದೆ ಖರೆ, ಅದನ್ನ ಮಲ್ಲೂಗ ಹೇಳಬೇಕು ಅನಸಲಿಲ್ಲ. ಸೀಟಿನ ಎತ್ತರಕ್ಕ ಅಷ್ಟು ಲೆಕ್ಕ ಇರ್ತೈತಿ ಅಂತ ನನಗೇನ್ ಗೊತ್ತು? ಅಂವಗಾದ್ರೂ ಏನ್ ಗೊತ್ತು? ಅಂವಗ ಗೊತ್ತಿದ್ದ ಲೆಕ್ಕ ಒಂದ. ಕಾಲು ನೆಲಕ್ಕ ಹತ್ತಲಿಲ್ಲಂದ್ರ ಕೂಸು ಗಾಲಿಗಿ ಹೋಗ್ತೈತಿ.

ಅಲ್ಲಿಂದ ಪ್ರತಿ ರವಿವಾರ ಅದ ನಡೀತು. ಅಕಿ ಬರೂದು, ಅಂವ ಸೈಕಲ್ ನೆರಳಿಗಿ ತಗೊಳ್ಳೂದು. ಮುಂದಿನ ವಾರ ಸೀಟು ಮತ್ತ ಎತ್ತರ ಆಗಿರ್ತಿತ್ತು. ಮಲ್ಲು, "ನಟ್ಟು ಸಡಲ ಐತಿ ಕಾಣತೈತಿ, ಮ್ಯಾಲೆ ಹೆಂಗ ಸರೀತದ ಇದು?" ಅಂತ ಹೊಸಾ ನಟ್ಟು ಸೈತ ಹಾಕಿದ. ಅಲ್ಲಿ ಸರ್, ಸೀಟು ಹೆಂಗ ಕೆಳಗ ಸರೀತದ ಅಂತ ವಿಚಾರ ಮಾಡಾಕತ್ತಿದ್ರಂತ. ಒಂದು ನಟ್ಟಿಗಿ ಇಬ್ಬರು ಗಂಡಸರು ಎರಡೂ ಕಡೆ ಬೈಕೋತ ಕುಂತಿದ್ರು. ಈಗ ಹೇಳೂದಕ್ಕ ನಗಿ ಬರ್ತದ. ಬರಬಾರದು.

ಛಳಿಗಾಲ ಮುಗಿಯೂ ಹೊತ್ತಿಗಿ ಅಕಿ ಮನಿಗಿ ಬರೂದು ಕಡಿಮಿ ಆತು. ಬಂದ್ರೂ ಸುಮ್ಮನ ಇರ್ತಿದ್ಳು. "ಹೆಂಗ ನಡದೈತೆ ತಾಲೀಮು?" ಅಂತ ಸೊಸಿ ಕೇಳಿದ್ರ, "ನಡದೈತಿ" ಅಂತಿದ್ಳು. ಥೇಟ್ ಅಪ್ಪ. ಬ್ಯಾಸಿಗ್ಯಾಗ ಪರೀಕ್ಷಾ ಆತು. ಪಾಸಾಗಲಿಲ್ಲ. ಹಾಸ್ಟೆಲ್ಲಿಂದ ಫೋನ್ ಬಂತು, ಬಂದು ಪೆಟ್ಟಿಗಿ ಒಯ್ಯಿರಿ ಅಂತ.

ನಾನೂ ಮಲ್ಲೂನೂ ಹೋದ್ವಿ. ಭೌರಿ ಟ್ರಂಕಿನ ಮ್ಯಾಲೆ ಹಾಸಿಗಿ ಸುತ್ತಿ ಇಟ್ಕೊಂಡು ಗಿಡದ ಕೆಳಗ ನಿಂತಿದ್ಳು. ಸರ್ ಬಂದ್ರು. ಅವರಿಗಿ ಸಿಟ್ಟಿತ್ತೋ ಸಂಕಟ ಇತ್ತೋ ನನಗ ಹೇಳಾಕ ಬರೂದಿಲ್ಲ.

"ಹುಡಿಗಿ ಕಾಲಾಗ ದೇವರು ಜೋರು ಕೊಟ್ಟಿದ್ದ್ರಿ" ಅಂದ್ರು. "ಆದ್ರ ಇಕಿಗಿ ಬದಲಾಗೂ ಮನಸ ಇರಲಿಲ್ಲ. ನಾ ವಾರ ಪೂರ್ತಿ ತಿದ್ದೂದು, ಇಕಿ ರವಿವಾರ ನನ್ನ ಹಿಂದ ಸೀಟು ಇಳಿಸ್ಕೊಂಡು ಹಳೇ ರೀತಿ ತುಳಿಯೂದು. ಸೀಟಿನ ದಂಡಿಗಿ ಗುರುತಿನ ಪಟ್ಟಿ ಅಂಟಿಸಿದೆ. ಆದ್ರೂ ಇಳಿಸಿದ್ಳು. ಕೇಳಿದ್ರ, ಹೌದ್ರಿ ಸರ್, ನಾನ ಇಳಿಸಿದ್ದು ಅಂದ್ಳು. ಹಿಂಗಾದ್ರ ನಾ ಏನ್ ಮಾಡಲಿ ಹೇಳ್ರಿ?"

ಮಲ್ಲು ಟ್ರಂಕ್ ಎತ್ತಾಕ ಬಗ್ಗಿದ್ದ. ಹಂಗ ಬಗ್ಗೇ ನಿಂತ. ಟ್ರಂಕಿನ ಹಿಡಿಕಿ ಬಿಟ್ಟು ನೆಟ್ಟಗ ಆದ.

"ಸರ್, ಇಳಿಸಿದಾವ ನಾನ್ರಿ."

"ಏನು?"

"ಕಾಲು ನೆಲಕ್ಕ ಹತ್ತವಲ್ಲಾಗಿದ್ದುವ್ರಿ ಸರ್."

ಸರ್ ಅಂವನ ಮಾರಿ ನೋಡಿದ್ರು, ಅಂವನ ಕೈ ನೋಡಿದ್ರು. ಎಣ್ಣಿ ಮಸಿ ಹಿಡದ ಕೈ. ಭೌರಿ ಕಡೆ ತಿರುಗಿ, "ಯಾಕ ಹೇಳಲಿಲ್ಲಬೇ?" ಅಂದ್ರು. ಅಕಿ ಹಾಸಿಗಿ ಸುರಳಿ ಎತ್ತಿ ಬಗಲಾಗ ಇಟ್ಕೊಂಡ್ಳು. ಗಿಡದಾಗ ಯಾವದೋ ಹಕ್ಕಿ ಒಂದ ಸವನ ಒದರಾಕತ್ತಿತ್ತು, ಅದಕ್ಕೊಂದು ಕಲ್ಲು ಒಗೀಬೇಕು ಅನಸಿತು ನನಗ.

ಅಕಿ ನನಗ ಹೇಳಿದ್ದು ಆಮ್ಯಾಲೆ, ಬಾಳ ದಿನದ ಮ್ಯಾಲೆ, ಇಬ್ಬರೂ ಜ್ವಾಳಾ ಹಸನ ಮಾಡುವಾಗ. "ಮೊದಲನೇ ಸಲ ಹೇಳಬೇಕಂತ ಬಾಯಿ ತಗದಿದ್ದೆ ಆಯಿ. ಅಪ್ಪ ಒಂದೊಂದು ತಂತಿ ಒರಸಿದ್ದ. ಈಗ ಹೆಂಗ ಅಂತ ಕೇಳಿದ. ಚಲೋ ಆತು ಅಂದ್ಬಿಟ್ಟೆ. ಒಂದು ಸಲ ಚಲೋ ಆತು ಅಂದ ಮ್ಯಾಲೆ ಮರುವಾರ ಕೆಟ್ಟೈತಿ ಅಂತ ಹೆಂಗ ಅನ್ಲಿ? ಸರ್‌ಗ ಹೇಳಿದ್ರ ಅವರು ಅಂಗಡಿಗಿ ಬಂದು ನಾಕ ಮಂದ್ಯಾಗ ಅಪ್ಪಗ ಅಂತಿದ್ರು."

"ಹಾದ್ಯಾಗ ನೀನ ಏರಿಸ್ಕೊಂಡು ಹೋಗಬೇಕಿತ್ತಿಲ್ಲೇನ? ಸೈಕಲ್ ಅಂಗಡಿಯಾವನ ಮಗಳು, ಪಾನಾ ಹಿಡ್ಯಾಕ ಬರೂದಿಲ್ಲೇನ?"

ಅಕಿ ಮರದಾಗಿನ ಜ್ವಾಳಾ ಕೇರಿದ್ಳು, ಇಳಿಸಿದ್ಳು. "ಅಪ್ಪ ಇಳಿಸಿದ ಮ್ಯಾಲೆ ಕಾಲಿಗಿ ಆರಾಮ ಅನಸ್ತಿತ್ತು ಆಯಿ. ವಾರ ಪೂರ್ತಿ ಯಾರದೋ ಕಾಲು ಹಚ್ಚಿಕೊಂಡು ತುಳದಂಗ ಇರ್ತಿತ್ತು. ರವಿವಾರ ನನ್ನ ಕಾಲು ನನಗ ಸಿಕ್ಕಂಗ ಆಗ್ತಿತ್ತು."

ನಾ ಮರಕ್ಕ ಇನ್ನೊಂದು ಬೊಗಸಿ ಜ್ವಾಳಾ ಸುರವಿದೆ.

ಆದ್ರ ಹಾಸ್ಟೆಲ್ಲಿನ ಗಿಡದ ಕೆಳಗ ಅದು ಮುಗೀಲಿಲ್ಲ. ಸರ್ ದೊಡ್ಡ ಮನಸ ಮಾಡಿದ್ರು. "ಹಾಸ್ಟೆಲ್ಲಿನ ಜಾಗಾ ಬ್ಯಾರೆ ಹುಡಿಗಿಗಿ ಹೋಗ್ಯಾದ, ಅದು ನನ್ನ ಕೈಯಾಗಿಲ್ಲ. ದಿನಾ ಮುಂಜಾನೆ ಕಳಸ್ರಿ, ಮೊದಲಿಂದ ಶುರು ಮಾಡೂಣು. ಬರೂ ವರ್ಷ ಮತ್ತ ಪರೀಕ್ಷಾ ಇರ್ತದ" ಅಂದ್ರು. ಸೈಕಲ್ಲೂ ಕೊಟ್ಟು ಕಳಿಸಿದ್ರು. ಮನಿಗಿ ಬಂದು ಮಲ್ಲು ಆ ಗುರುತಿನ ಪಟ್ಟಿ ತನ ಸೀಟು ತಾನ ಏರಿಸಿದ. ಮಗಳನ್ನ ಕುಂಡರಿಸಿದ. ಕಾಲು ನೆಲಕ್ಕ ಹತ್ತದ ಜೋತಾಡಾಕತ್ತಿದ್ದುವು. ಅಂವ ಹಿಂದಿಂದ ಕ್ಯಾರಿಯರ್ ಹಿಡೀಬೇಕಂತ ಕೈ ಚಾಚಿದ. ಆ ಸೈಕಲ್ಲಿಗಿ ಕ್ಯಾರಿಯರ್ ಎಲ್ಲಿಂದ ಬರಬೇಕು. ಕೈ ಗಾಳ್ಯಾಗ ಉಳೀತು.

ಮಳಿಗಾಲ ಪೂರ್ತಿ ಅಕಿ ಮಸುಕಿನ್ಯಾಗ ಎದ್ದು ಹೋದ್ಳು. ಮಲ್ಲು ಬಾಗಿಲಾಗ ನಿಂತು ಅಕಿ ತಿರುವಿಗಿ ಮರಿ ಆಗೂ ತನ ನೋಡ್ತಿದ್ದ, ವಾಪಸ್ ಬರೂ ತನ ಒಂದು ಪಂಚರೂ ಹಾಕ್ತಿರಲಿಲ್ಲ. ಒಂದು ದಿನ ನಾನೂ ಮುಂಜಾನೆ ಬಸ್ಸಿಗಿ ಹೋದೆ. ಸ್ಟ್ಯಾಂಡಿನ ಮ್ಯಾಲೆ ಅಕಿ ತುಳಿಯಾಕತ್ತಿದ್ಳು, ಸೊಂಟಕ್ಕ ಅದ ಲಾಡಿ. ಲಾಡಿ ತೂಗೂದಿಲ್ಲ, ನಿಂದ್ರೂದೂ ಇಲ್ಲ. ಹಗ್ಗಕ್ಕ ಸಿಕ್ಕ ಓತಿಕ್ಯಾತನಂಗ ಎಳದೆಳದು ಕುಣೀತಿತ್ತು. ಬಲಗಾಲು ಗುಂಡಗ ತಿರಗತಿತ್ತು. ಎಡಗಾಲು ತುಳೀತಿತ್ತು. ಒಂದ ಮೈಯಾಗ ಇಬ್ಬರು ಹುಡಿಗ್ಯಾರು ಕುಂತು ಜಗಳಾಡಿದಂಗ. ಅಕಿ ತುಟಿ ಕಚ್ಚಿಕೊಂಡು ಮುಂದಿನ ಗ್ವಾಡಿ ನೋಡಾಕತ್ತಿದ್ಳು. ಮೊದಲಿನ ಜೋರು ಎಲ್ಲಿ ಹೋತೋ. ಪಂದ್ಯದಾಗ ಹಿಂದಿನಾಕಿನ್ನ ಕಾಣದಂಗ ಮಾಡಿದ ಹುಡಿಗಿ, ನಿಂತ ಸೈಕಲ್ ಮ್ಯಾಲೆ ದಮ್ಮು ಹತ್ತಿ ತೇಕಾಕತ್ತಿದ್ಳು.

"ಇನ್ನ ಎಷ್ಟು ದಿನ ಬೇಕ್ರೀ ಸರ್?" ಅಂದೆ. ಅದ ಎರಡನೇ ಸಲ.

ಅವರು ಅಕಿಗಿ ಕೇಳದಂಗ ನನ್ನ ಈ ಕಡೆ ಕರಕೊಂಡು ಬಂದ್ರು. "ಮೊದಲು ಒಂದು ಹಳೇ ರೂಢಿ ಇತ್ತು, ಅದನ್ನ ತಗೀಬೇಕಿತ್ತು. ಈಗ ಎರಡು ಹಳೇದವ. ಎರಡೂ ಅರ್ಧರ್ಧ. ಯಾವದನ್ನ ತಗೀಬೇಕು, ಯಾವದನ್ನ ಉಳಿಸಬೇಕು ಅನ್ನೂದು ಇಕಿ ಕಾಲಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲರಿ ಆಯಿ. ಸುಳ್ಳು ಹೇಳಿ ಹುಡಿಗೀನ ದಣಸಲಾರೆ."

ಅವತ್ತ ಬರುವಾಗ ಭೌರಿ ಸೈಕಲ್ ಅಲ್ಲೇ ಬಿಟ್ಟು ನನ್ನ ಕೂಡ ಬಸ್ಸಿಗಿ ಬಂದ್ಳು. ಯಾರೂ ಅಕಿಗಿ ಬಿಡು ಅಂತ ಹೇಳಲಿಲ್ಲ. ಬಸ್ಸಿನ್ಯಾಗ ಒಂದು ಸಲ, "ಅಪ್ಪಗ ಏನ್ ಹೇಳೂದು?" ಅಂದ್ಳು. "ನಾ ಹೇಳ್ತೇನಿ" ಅಂದೆ. ಹೇಳೂ ಪ್ರಸಂಗ ಬರಲಿಲ್ಲ. ಮಗಳು ನಡಕೋತ ಬಂದದ್ದು ನೋಡಿ ಮಲ್ಲು ತಿರುಗಿ ಬೋಗಾಣ್ಯಾಗ ಟ್ಯೂಬು ಅದ್ದಿದ, ಗುಳ್ಳಿ ಎಲ್ಲಿ ಏಳ್ತಾವ ಅಂತ ನೋಡ್ಕೋತ ಬಾಳ ಹೊತ್ತು ಕುಂತ. ಆ ಟ್ಯೂಬಿಗಿ ತೂತೇನೂ ಇರಲಿಲ್ಲ.

ಅದಾಗಿ ಕೆಲವು ವರ್ಷ ಆದುವು. ಭೌರಿ ಈಗ ವಿಜಯಪುರದ ಗಾಂಧಿ ಚೌಕದಾಗ ಒಂದು ಅರಿವಿ ಅಂಗಡ್ಯಾಗ ಕೆಲಸಕ್ಕ ಹೋಗ್ತಾಳ. ಸೀರಿ ಬಿಚ್ಚಿ ತೋರಸೂದು, ಮತ್ತ ಮಡಚೂದು. ದಿನಾ ಬಸ್ಸು. ಬಸ್ಸು ತಪ್ಪಿದ್ರ ನಿಂದರ್ತಾಳ, ಮನ್ಯಾಗ ಹತ್ತು ಸೈಕಲ್ ಇದ್ರೂ ಒಂದನ್ನ ಮುಟ್ಟೂದಿಲ್ಲ. ಸರ್ ಬ್ಯಾರೆ ಹುಡಿಗ್ಯಾರನ್ನ ತಯಾರ ಮಾಡ್ತಾರಂತ. ಮಲ್ಲು ಪಂಚರ್ ಹಾಕ್ತಾನ, ಚೈನು ಕೂಡಸ್ತಾನ, ಬ್ರೇಕ್ ಬಿಗೀತಾನ. ಸೀಟು ಮಾತ್ರ ಮುಟ್ಟೂದಿಲ್ಲ. ಏರಸು ಅಂದ್ರ ಇಲ್ಲ, ಇಳಸು ಅಂದ್ರ ಇಲ್ಲ. ಮಂದಿ ಮೊದಮೊದಲು ನಕ್ಕರು, "ಸೀಟಿನ ವಿಷಯಕ್ಕ ಮಲ್ಲೂಗ ಮೈಮ್ಯಾಲೆ ದೇವರು ಬರ್ತೈತಿ" ಅಂತ. ಈಗ ಸೀಟಿನ ಕೆಲಸ ಇದ್ದವ್ರು ಸುಮ್ಮನ ಮುಂದಿನ ಅಂಗಡಿಗಿ ಹೋಗ್ತಾರ.

ಮೊನ್ನೆ ನಾ ಬಸ್ಸಿಳಿದು ಮನಿಗಿ ಬಂದಾಗ ಸಂಜಿ ಆಗಿತ್ತು. ಕಣ್ಣಿನ ಮಬ್ಬು ಅರ್ಧಾ ಹೋಗಿತ್ತು. ಅಂಗಡಿ ಮುಂದ ಬಬಲೇಶ್ವರ ಕಡೆಯ ಒಬ್ಬಾಕಿ ಹೆಣಮಗಳು ಹೊಸಾ ಸೈಕಲ್ ಹಿಡಕೊಂಡು ನಿಂತಿದ್ಳು. ಬಾಜೂಕ ಅಕಿ ಮಗಳು, ಸಾಲಿ ಅರಿವ್ಯಾಗ. ಸರಕಾರದ ಸೈಕಲ್ಲೋ, ಯಾರೋ ಕೊಡಿಸಿದ್ದೋ. ಸೀಟು ಎತ್ತರ ಇತ್ತು.

"ಯಣ್ಣಾ, ಇದನ್ನ ನಮ್ಮ ಹುಡಿಗಿ ಅಳತಿಗಿ ಮಾಡಿ ಕೊಡ. ಮೊದಲ ಇಲ್ಲೇ ಮಾಡಿ ಕೊಡ್ತಿದ್ರಂತ, ನಮ್ಮವ್ವ ಹೇಳ್ಯಾಳ."

ಮಲ್ಲು ಪಾನಾ ತಗದು ಅಕಿ ಮುಂದ ಹಿಡದ. "ನಿಮಗ ಹೆಂಗ ಬೇಕ ಹಂಗ ಮಾಡ್ಕೋರಿ."

"ಅಯ್ಯ, ನಾವೇನ ಬಲ್ಲಿವಿ ಯಣ್ಣಾ? ನೀನ ಮಾಡು."

ಅಂವ ಪಾನಾ ಕಟ್ಟಿ ಮ್ಯಾಲೆ ಇಟ್ಟು, ನೀರು ಕುಡ್ಯಾಕ ಹೋದಂಗ ಮಾಡಿ ಒಳಗ ಹೋದ. ಬರಲಿಲ್ಲ. ಆ ಹೆಣಮಗಳು ನನ್ನ ಮಾರಿ ನೋಡಿದ್ಳು. ಮುಂದಿನ ಅಂಗಡಿಗಿ ಹೋಗ್ರಿ ಅನ್ನಾಕ ಬಾಯಿ ತಗದಿದ್ದೆ. ಅಷ್ಟ್ರಾಗ ನನ್ನ ಬಸ್ಸಿನ ಹಿಂದಿನ ಬಸ್ಸಿಗಿ ಬಂದ ಭೌರಿ ಕೈಯಾಗ ಡಬ್ಬಿ ಚೀಲ ಹಿಡಕೊಂಡು ಬಂದು ನಿಂತ್ಳು. ಸೈಕಲ್ ನೋಡಿದ್ಳು, ಹುಡಿಗಿ ಕಾಲು ನೋಡಿದ್ಳು.

"ನೀ ಸೈಕಲ್ ಪಂದ್ಯಕ್ಕ ಹೋಗ್ತಿಯೇನ?" ಅಂತ ಕೇಳಿದ್ಳು.

"ಇಲ್ರಿ, ಸಾಲಿಗಿ ಹೋಗ್ತೇನ್ರಿ" ಅಂದ್ಳು ಹುಡಿಗಿ.

"ಕೋಚ್ ಅಂತ ಯಾರಾದ್ರೂ ಅದಾರೇನ ನಿನಗ?"

"ಹಂಗಂದ್ರ ಏನ್ರಿ ಅಕ್ಕಾರ?"

ಭೌರಿ ಚೀಲ ನನ್ನ ಕೈಯಾಗ ಕೊಟ್ಳು. ಪಾನಾ ತಗೊಂಡು ನಟ್ಟು ಸಡಲಿಸಿದ್ಳು. ಹುಡಿಗೀನ ಕುಂಡರಿಸಿದ್ಳು, ಇಳಿಸಿದ್ಳು, ಸೀಟು ಒತ್ತಿದ್ಳು, ಮತ್ತ ಕುಂಡರಿಸಿದ್ಳು. ನೆಲಕ್ಕ ಬಗ್ಗಿ ಅಕಿ ಚಪ್ಪಲ ಕೆಳಗ ಬಟ್ಟು ತೂರಿಸಿ ನೋಡಿದ್ಳು. ಎರಡೂ ಹಿಮ್ಮಡ ನೆಲಕ್ಕ ಕೂಡಿದ ಮ್ಯಾಲೆ ನಟ್ಟು ಬಿಗದ್ಳು. ತಾಯಿ ಮಗಳು ಹೋದ್ರು. ಹುಡಿಗಿ ಮುಂದ ಮುಂದ ತುಳಕೋತ ಹೊಂಟಿದ್ಳು, ಮೊಣಕಾಲ ಎರಡೂ ಹೊರಗ ಚಾಚಿ, ಸೊಂಟ ಆ ಕಡೆ ಈ ಕಡೆ ತೂಗಾಕತ್ತಿತ್ತು.

ನಟ್ಟು ಬಿಗಿಯೂ ಸಪ್ಪಳ ಒಳಗ ಕೇಳಿರಬೇಕು. ಮಲ್ಲು ಹೊರಗ ಬರಲಿಲ್ಲ. ಭೌರಿ ಎಣ್ಣಿ ಹತ್ತಿದ ಕೈ ಗ್ವಾಡಿಗಿ ಒರಸಿ, ನನ್ನ ಕೈಯಾಗಿನ ಚೀಲ ತಗೊಂಡು, "ಕಣ್ಣಿಗಿ ಏನಂದ್ರು ಆಯಿ?" ಅಂದ್ಳು.

"ವಯಸಾತು ಅಂದ್ರು" ಅಂದೆ.